ವಿದ್ಯುತ್ ದ್ವಿಚಕ್ರ ವಾಹನದ ಬ್ಯಾಟರಿ: ಚಾರ್ಜಿಂಗ್ ವೇಳೆ ವಹಿಸಬೇಕಾದ ಎಚ್ಚರಿಕೆ

ಗ್ರಾಮಾಂತರ ಪ್ರದೇಶಗಳಲ್ಲಿಯೂ ವಿದ್ಯುತ್ ದ್ವಿಚಕ್ರ ವಾಹನಗಳ ಬಳಕೆ ಹೆಚ್ಚುತ್ತಿದ್ದು, ರಾತ್ರಿ ಮಲಗುವ ಮುನ್ನ ನಡುಮನೆಯಲ್ಲಿಯೋ ತಲೆಬಾಗಿಲ ಬಳಿಯೋ ಬ್ಯಾಟರಿಯನ್ನು ಚಾರ್ಜ್‌ಗೆ ಇಡುವ ರೂಢಿ ಅನೇಕ ಮನೆಗಳಲ್ಲಿದೆ. ಈ ರೂಢಿಯನ್ನು ಬದಲಿಸುವುದು ಅತ್ಯವಶ್ಯ. 2022ರ ಸೆಪ್ಟೆಂಬರ್ 12ರ ರಾತ್ರಿ ಸಿಕಂದರಾಬಾದಿನ ಕಟ್ಟಡವೊಂದರ ಕೆಳ ಅಂತಸ್ತಿನ ವಿದ್ಯುತ್ ಸ್ಕೂಟರ್ ಮಳಿಗೆಯಲ್ಲಿ ಹೊತ್ತಿದ ಬೆಂಕಿಯ ಹೊಗೆ ಮೇಲಿನ ವಸತಿಗೃಹವನ್ನು ಆವರಿಸಿ 8 ಮಂದಿ ಮೃತಪಟ್ಟರು. ಹೊರಹೋಗುವ ದಾರಿಯಲ್ಲೇ ಬೆಂಕಿ ಕಾಣಿಸಿಕೊಂಡರೆ ಒಂದಂತಸ್ತಿನ ಹಳ್ಳಿಮನೆಯಲ್ಲಿಯೂ ಅಪಾಯ ಇದೇ ಬಗೆಯದು.

ಲಿಥಿಯಂ-ಅಯಾನ್ ಬ್ಯಾಟರಿಯ ಕೋಶಗಳಲ್ಲಿರುವ ದ್ರವವು ಸುಲಭವಾಗಿ ಹೊತ್ತಿಕೊಳ್ಳುವಂಥದು. ಅತಿಯಾದ ಚಾರ್ಜ್, ಪೆಟ್ಟು, ನೀರು ಅಥವಾ ಬಿಸಿಯಿಂದ ಒಂದು ಕೋಶ ಕೆಟ್ಟರೆ ಅದರ ಶಾಖ ಪಕ್ಕದ ಕೋಶವನ್ನು ಕೆಡಿಸುತ್ತದೆ. ಹೀಗೆ ಸರಪಳಿಯಂತೆ ಕೆಲವೇ ನಿಮಿಷಗಳಲ್ಲಿ ಇಡೀ ಬ್ಯಾಟರಿ ಉರಿಯಬಹುದು. ಇದನ್ನು ತಡೆಯಲು ಕೇಂದ್ರ ಸರ್ಕಾರವು ಎಐಎಸ್-156 ಮಾನದಂಡವನ್ನು ಬಿಗಿಗೊಳಿಸಿ, 2022ರ ಡಿಸೆಂಬರ್ 1 ಮತ್ತು 2023ರ ಮಾರ್ಚ್ 31ರಿಂದ ಎರಡು ಹಂತಗಳಲ್ಲಿ ಜಾರಿಗೆ ತಂದಿದೆ. ಅದಕ್ಕೂ ಮೊದಲು ಕೊಂಡ ವಾಹನಗಳ ಮತ್ತು ಸ್ಥಳೀಯವಾಗಿ ಬಿಚ್ಚಿ ಜೋಡಿಸಿದ ಬ್ಯಾಟರಿಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು.

ವಾಹನದೊಂದಿಗೆ ಬಂದ ಚಾರ್ಜರನ್ನೇ ಬಳಸತಕ್ಕದ್ದು. ಪಿನ್ ಕೂಡುತ್ತದೆ ಎಂಬ ಕಾರಣಕ್ಕೆ 48 ವೋಲ್ಟ್ ಬ್ಯಾಟರಿಗೆ 60 ವೋಲ್ಟ್ ಚಾರ್ಜರ್ ಹಾಕುವುದು ಬೆಂಕಿಯನ್ನು ಆಹ್ವಾನಿಸಿದಂತೆ. ಚಾರ್ಜರಿನ ಬೆಲೆ ಉಳಿಸಲು ಹೋಗಿ ಮನೆಯನ್ನೇ ಕಳೆದುಕೊಳ್ಳುವ ಉಳಿತಾಯ ಯಾರಿಗೂ ಬೇಡ. ಹಳೆಯ ವೈರಿಂಗ್ ಇರುವ ಮನೆಗಳಲ್ಲಿ ಸಡಿಲ ಸಾಕೆಟ್, ಸುರುಳಿ ಸುತ್ತಿದ ಎಕ್ಸ್‌ಟೆನ್ಷನ್ ವೈರು, ಅರ್ಥಿಂಗ್ ಇಲ್ಲದ ಸಂಪರ್ಕ ಇವುಗಳೂ ಅಷ್ಟೇ ಅಪಾಯಕಾರಿ.

ಚಾರ್ಜ್ ಮಾಡಲು ಹಗಲು ಹೊತ್ತು, ಮನೆಯವರು ಎಚ್ಚರವಿರುವಾಗ, ಬಿಸಿಲು ಮಳೆ ತಾಗದ ಗಾಳಿಯಾಡುವ ಜಗಲಿ ಸೂಕ್ತ. ಹುಲ್ಲಿನ ಬಣವೆ, ಕೊಟ್ಟಿಗೆ, ಸೀಮೆಎಣ್ಣೆ ಹಾಗೂ ಗ್ಯಾಸ್ ಸಿಲಿಂಡರ್‌ಗಳಿಂದ ದೂರವಿರಲಿ. ವಾಹನ ಓಡಿಸಿ ಬಂದ ಕೂಡಲೇ ಚಾರ್ಜ್‌ಗೆ ಇಡದೆ ಬ್ಯಾಟರಿ ತಣಿಯಲು ಅರ್ಧ ಗಂಟೆ ಬಿಡಬೇಕು. ತುಂಬಿದ ನಂತರ ಪ್ಲಗ್ ತೆಗೆಯಬೇಕು. ಕಡಿಮೆ ಬೆಲೆಯ ಕೆಲವು ವಾಹನಗಳಲ್ಲಿರುವ ಸೀಸ-ಆಮ್ಲ ಬ್ಯಾಟರಿಗಳು ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬಿಡುವುದರಿಂದ ಮುಚ್ಚಿದ ಕೋಣೆಯಲ್ಲಿ ಅವನ್ನೂ ಇಡಬಾರದು.

ಬ್ಯಾಟರಿ ಉಬ್ಬಿದ್ದರೆ, ವಿಚಿತ್ರ ವಾಸನೆ ಬಂದರೆ ಅಥವಾ ಮುಟ್ಟಲಾಗದಷ್ಟು ಬಿಸಿಯಾದರೆ ಬಳಕೆ ನಿಲ್ಲಿಸಬೇಕು. ಹೊಗೆ ಕಂಡೊಡನೆ, ಕೈಗೆಟಕುವಂತಿದ್ದರೆ ಮಾತ್ರ ಮೇನ್ ಸ್ವಿಚ್ ಆರಿಸಿ, ಎಲ್ಲರೂ ಹೊರಬಂದು 112ಕ್ಕೆ ಕರೆ ಮಾಡಬೇಕು. ಆ ಹೊಗೆ ವಿಷಕಾರಿ. ಉರಿಯುವ ಬ್ಯಾಟರಿಯನ್ನು ಎತ್ತಿ ಹೊರಗೆಸೆಯುವ ಸಾಹಸ ಸಲ್ಲದು. ಒಂದೆರಡು ಕೊಡ ನೀರಿಗೆ ಅದು ಆರುವುದಿಲ್ಲ, ಆರಿದಂತೆ ಕಂಡರೂ ಗಂಟೆಗಳ ಬಳಿಕ ಮತ್ತೆ ಹೊತ್ತಿಕೊಳ್ಳಬಹುದು.

ಸದಸ್ಯರು ಈ ವಿಷಯವನ್ನು ವಾರ್ಡ್ ಸಭೆಯಲ್ಲಿ ಪ್ರಸ್ತಾಪಿಸಿ, ತಮ್ಮ ವಾರ್ಡಿನಲ್ಲಿ ಇಂತಹ ವಾಹನವಿರುವ ಮನೆಗಳಿಗೆ ತಿಳಿವಳಿಕೆ ನೀಡುವುದು. ಕೆಟ್ಟ ಬ್ಯಾಟರಿಗಳು ಕಸದ ವಾಹನಕ್ಕೆ ಸೇರದಂತೆಯೂ ನೋಡಿಕೊಳ್ಳಬೇಕು; ಕಸದ ನಡುವೆ ಜಜ್ಜಿದರೆ ಅವು ಹೊತ್ತಿಕೊಂಡು, ಮೊದಲು ಅಪಾಯಕ್ಕೀಡಾಗುವವರು ನಮ್ಮ ಸ್ವಚ್ಛತಾ ಸಿಬ್ಬಂದಿ. ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರಂತೆ ಹಳೆಯ ಬ್ಯಾಟರಿಗಳ ಸಂಗ್ರಹಣೆ ಹಾಗೂ ಮರುಬಳಕೆಯ ಹೊಣೆ ಉತ್ಪಾದಕರದು. ಆದ್ದರಿಂದ ಅವನ್ನು ಮಾರಾಟಗಾರರಿಗೇ ಹಿಂದಿರುಗಿಸುವಂತೆ ಗ್ರಾಮಸ್ಥರಿಗೆ ತಿಳಿಸುವುದು.