ಡೈನೋಸಾರ್ ಲದ್ದಿಗೆ ರತ್ನದ ಹೊಳಪು

ಇಂಗ್ಲೆಂಡಿನ ದಕ್ಷಿಣ ಕಡಲತೀರದಲ್ಲಿರುವ ಲೈಮ್ ರೀಜಿಸ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ಒಂದು ಮೇಜಿದೆ. ಅದರ ಮೇಲ್ಮೈಯಲ್ಲಿ ಸೀಳಿ ನುಣುಪುಗೊಳಿಸಿದ ಕಲ್ಲಿನ ಬಿಲ್ಲೆಗಳನ್ನು ಒಪ್ಪವಾಗಿ ಕೂಡಿಸಲಾಗಿದೆ. 19ನೇ ಶತಮಾನದ ಆರಂಭದಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಬೋಧಿಸುತ್ತಿದ್ದ ವಿಲಿಯಂ ಬಕ್ಲೆಂಡ್ ಅವರ ಮನೆಯಲ್ಲಿದ್ದ ಮೇಜು ಅದು. ಮನೆಗೆ ಬಂದವರು ಅದರ ಅಂದವನ್ನು ಹೊಗಳುತ್ತಿದ್ದರು. ತಾವು ಹೊಗಳುತ್ತಿರುವುದು ಕೋಟ್ಯಂತರ ವರ್ಷಗಳ ಹಿಂದಿನ ಪ್ರಾಣಿಗಳ ಮಲವನ್ನು ಎಂಬುದು ಬಹಳ ಮಂದಿಗೆ ಹೊಳೆಯುತ್ತಿರಲಿಲ್ಲ.

ಕನ್ನಡದಲ್ಲಿ ದನದ್ದು ಸಗಣಿ, ಆನೆ ಕುದುರೆಗಳದ್ದು ಲದ್ದಿ, ಆಡು ಕುರಿಗಳದ್ದು ಹಿಕ್ಕೆ. ಇವೆಲ್ಲ ಭೂಮಿಯೊಳಗೆ ಹುದುಗಿ ಕಲ್ಲಾದರೆ ವಿಜ್ಞಾನ ಕೊಡುವ ಹೆಸರು ಒಂದೇ: ಕೊಪ್ರೊಲೈಟ್. ಗ್ರೀಕ್ ಭಾಷೆಯ ‘ಮಲ’ ಮತ್ತು ‘ಕಲ್ಲು’ ಎಂಬ ಎರಡು ಪದಗಳನ್ನು ಜೋಡಿಸಿ 1829ರಲ್ಲಿ ಈ ಹೆಸರಿಟ್ಟವರು ಬಕ್ಲೆಂಡ್ ಅವರೇ. ಇಂದು ಈ ಕಲ್ಲುಗಳನ್ನು ಹುಡುಕುವುದು, ಕೊಳ್ಳುವುದು, ಸೀಳಿ ಸಾಣೆ ಹಿಡಿದು ಪದಕ, ಉಂಗುರ, ಕಿವಿಯೋಲೆಗಳಿಗೆ ಕೂಡಿಸುವುದು ಅಮೆರಿಕ ಹಾಗೂ ಯೂರೋಪಿನಲ್ಲಿ ಅನೇಕರ ಹವ್ಯಾಸ. ಸ್ವಿಟ್ಜರ್ಲೆಂಡಿನ ಕೈಗಡಿಯಾರ ತಯಾರಕರೊಬ್ಬರು 2010ರಲ್ಲಿ ಇದರ ಬಿಲ್ಲೆಯನ್ನೇ ಗಡಿಯಾರದ ಮುಖಫಲಕವನ್ನಾಗಿ ಮಾಡಿದ್ದುಂಟು. ಕೇಳಿದಾಕ್ಷಣ ಮೂಗು ಮುರಿಯಬೇಕಾದ ಅಗತ್ಯವಿಲ್ಲ. ವಾಸನೆಯಾಗಲಿ ಮೂಲದ ಮೃದುತ್ವವಾಗಲಿ ಎಂದೋ ಕಳೆದುಹೋಗಿ, ಉಳಿದಿರುವುದು ಖನಿಜ ಮಾತ್ರ.

ಆದರೆ ಹವ್ಯಾಸಿಯ ಸಾಣೆಗೂ ವಿಜ್ಞಾನಿಯ ಸೂಕ್ಷ್ಮದರ್ಶಕಕ್ಕೂ ಇಲ್ಲಿ ಒಂದು ತಿಕ್ಕಾಟವಿದೆ. ಅದನ್ನು ಅರಿಯಬೇಕಾದರೆ ಮೊದಲು ಈ ಕಲ್ಲಿನೊಳಗೆ ಏನಿರುತ್ತದೆ ಎಂಬುದನ್ನು ನೋಡಬೇಕು.

ಮೀನಿನ ಮೂಳೆ ಹೇಳಿದ ಗುಟ್ಟು

ಲೈಮ್ ರೀಜಿಸ್‌ನ ಕಡಲ ಬಂಡೆಗಳಲ್ಲಿ ಪಳೆಯುಳಿಕೆಗಳನ್ನು ಅಗೆದು ಮಾರಿ ಜೀವನ ಸಾಗಿಸುತ್ತಿದ್ದ ಮೇರಿ ಆ್ಯನಿಂಗ್ ಎಂಬ ಮಹಿಳೆ 1820ರ ದಶಕದಲ್ಲಿ ಒಂದು ಸಂಗತಿಯನ್ನು ಗಮನಿಸಿದರು. ಇಕ್ತಿಯೋಸಾರ್ ಎಂಬ ಕಡಲ ಸರೀಸೃಪದ ಅಸ್ಥಿಪಂಜರಗಳ ಹೊಟ್ಟೆಯ ಭಾಗದಲ್ಲಿ ಉದ್ದುದ್ದನೆಯ ಕಲ್ಲಿನ ಉಂಡೆಗಳು ಮತ್ತೆ ಮತ್ತೆ ದೊರೆಯುತ್ತಿದ್ದವು. ಅವು ಪ್ರಾಣಿಗಳ ಒಡಲಲ್ಲಿ ಸಿಗುವ ಗೋರೋಚನದ ಜಾತಿಯ ಕಲ್ಲುಗಳೆಂಬುದು ಅಂದಿನವರ ಎಣಿಕೆ. ಒಡೆದು ನೋಡಿದಾಗ ಒಳಗೆ ಮೀನಿನ ಮೂಳೆ, ಮೀನಿನ ಹುರುಪೆ. ಕೆಲವದರಲ್ಲಿ ಚಿಕ್ಕ ಇಕ್ತಿಯೋಸಾರ್‌ಗಳ ಮೂಳೆಗಳೂ ಇದ್ದವು. ಈ ಅವಲೋಕನಗಳೇ ಬಕ್ಲೆಂಡ್ ಅವರ ಸಿದ್ಧಾಂತಕ್ಕೆ ಬುನಾದಿಯಾದವು. ಕೀರ್ತಿಯ ಸಿಂಹಪಾಲು ಮಾತ್ರ ಪ್ರಾಧ್ಯಾಪಕರಿಗೆ ಸಂದಿತು. ಶಾಲೆಯ ವ್ಯಾಸಂಗ ಹೆಚ್ಚಿಲ್ಲದ, ಬಡ ಮನೆತನದ ಹೆಣ್ಣುಮಗಳಿಗೆ ಅಂದಿನ ಲಂಡನ್ನಿನ ಭೂವೈಜ್ಞಾನಿಕ ಸಂಘದ ಬಾಗಿಲು ತೆರೆದಿರಲಿಲ್ಲ.

ಹೊಳಪು ಕೊಡುವ ಕಲೆಯೂ ಅಷ್ಟೇ ಹಳೆಯದು. ಎಡಿನ್‌ಬರೊ ನಗರದ ಸಮೀಪದ ಕಡಲ ದಂಡೆಯಲ್ಲಿ ಕಬ್ಬಿಣದ ಅಂಶವುಳ್ಳ ಗುಂಡುಕಲ್ಲುಗಳು ಸಿಗುತ್ತಿದ್ದವು. ಸೀಳಿದರೆ ನಡುವಿನ ತಿರುಳು ಜೀರುಂಡೆಯಂತೆ ಕಾಣುತ್ತಿದ್ದುದರಿಂದ ಅಲ್ಲಿನ ಹರಳು ಕೆಲಸದವರು ಅವನ್ನು ‘ಜೀರುಂಡೆ ಕಲ್ಲು’ ಎಂದು ಕರೆದು, ಮೇಜಿನ ಹಲಗೆ, ಕಾಗದದ ಮೇಲಿಡುವ ಭಾರ, ಹೆಂಗಸರ ಒಡವೆಗಳನ್ನು ತಯಾರಿಸುತ್ತಿದ್ದರು. ಅದು ಜೀರುಂಡೆಯಲ್ಲ, ಹಳೆಯ ಕಾಲದ ಮೀನುಗಳ ಮಲ ಎಂಬುದನ್ನು ಬಕ್ಲೆಂಡ್ 1836ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ತಮ್ಮ ಕಿವಿಯಲ್ಲಿ ತೂಗುತ್ತಿರುವುದು ಏನೆಂದು ತಿಳಿಯದೆಯೇ ಕೊಪ್ರೊಲೈಟಿನ ಓಲೆ ತೊಟ್ಟ ಮಹಿಳೆಯರನ್ನು ಕಂಡಿದ್ದಾಗಿ ಅವರ ಮಗ ಫ್ರಾಂಕ್ ಬಕ್ಲೆಂಡ್ ಮುಂದೆ ಬರೆದರು.

ಇದೇ ಹೆಸರಿನಲ್ಲಿ ಇಂಗ್ಲೆಂಡಿನಲ್ಲಿ ಗೊಬ್ಬರದ ಉದ್ಯಮವೊಂದು ಬೆಳೆದು ಅಳಿದದ್ದು ಬೇರೆಯೇ ಕಥೆ. ಡಾರ್ವಿನ್ನರ ಗುರು ಜಾನ್ ಹೆನ್ಸ್‌ಲೊ 1840ರ ದಶಕದಲ್ಲಿ ಸಫೊಕ್ ಪ್ರಾಂತದ ಫಾಸ್ಫೇಟ್ ಉಂಡೆಗಳತ್ತ ರೈತರ ಗಮನ ಸೆಳೆದ ಮೇಲೆ, ಅವನ್ನು ಅಗೆದು ಪುಡಿಮಾಡಿ ಆಮ್ಲದಲ್ಲಿ ಸಂಸ್ಕರಿಸಿ ಹೊಲಕ್ಕೆ ಹಾಕಲಾಯಿತು. ಅವುಗಳಲ್ಲಿ ಬಹುಪಾಲು ನಿಜವಾದ ಕೊಪ್ರೊಲೈಟ್‌ಗಳೇ ಆಗಿರಲಿಲ್ಲ. ಇಪ್ಸ್‌ವಿಚ್ ನಗರದಲ್ಲಿ ‘ಕೊಪ್ರೊಲೈಟ್ ಬೀದಿ’ ಮಾತ್ರ ಇಂದಿಗೂ ಉಳಿದಿದೆ.

ಕಲ್ಲಾಗುವ ಬಗೆ

ಬಿದ್ದ ಮಲವೆಲ್ಲ ಕಲ್ಲಾಗುವುದಿಲ್ಲ. ಮಳೆ, ಹುಳು, ಬ್ಯಾಕ್ಟೀರಿಯಾಗಳು ಕೆಲವೇ ದಿನಗಳಲ್ಲಿ ಅದನ್ನು ಇಲ್ಲವಾಗಿಸುತ್ತವೆ. ಕೆರೆಯ ತಳದ ಕೆಸರಿನಲ್ಲೋ, ನೆರೆ ತಂದ ಹೂಳಿನಲ್ಲೋ ಬೇಗನೆ ಮುಚ್ಚಿಹೋದರೆ ಮಾತ್ರ ಉಳಿಯುವ ಅವಕಾಶ. ಅಲ್ಲಿಯೂ ಮಾಂಸಾಹಾರಿಗಳದ್ದೇ ಮೇಲುಗೈ. ಮೂಳೆ, ಮಾಂಸ ತಿಂದ ಪ್ರಾಣಿಯ ಮಲದಲ್ಲಿ ಫಾಸ್ಫೇಟ್ ಹೇರಳವಾಗಿದ್ದು, ಅದೇ ಬೇಗ ಗಟ್ಟಿಯಾಗಿ ಅಚ್ಚು ಕಟ್ಟುತ್ತದೆ. ಹುಲ್ಲು ಸೊಪ್ಪು ಮೇಯುವ ಪ್ರಾಣಿಯ ಮಲದಲ್ಲಿ ಅದು ಕಡಿಮೆ. ಆದ್ದರಿಂದ ಸಸ್ಯಾಹಾರಿ ಡೈನೋಸಾರ್‌ಗಳ ಕೊಪ್ರೊಲೈಟ್ ವಿರಳ.

ಅನಂತರದ ಕೆಲಸ ಅಂತರ್ಜಲದ್ದು. ನೀರಿನಲ್ಲಿ ಕರಗಿದ ಖನಿಜಗಳು ಎಲ್ಲೆಡೆ ಇಳಿದು ತುಂಬಿಕೊಳ್ಳುತ್ತವೆ. ಅದು ಸುಣ್ಣದಂಶವಾದರೆ ಕಲ್ಲು ಮೆದು, ಫಾಸ್ಫೇಟ್ ಆದರೆ ಮಧ್ಯಮ, ಸಿಲಿಕಾ ಆದರೆ ಬೆಣಚುಕಲ್ಲಿನಷ್ಟೇ ಗಟ್ಟಿ. ಸಿಲಿಕಾದ ಜೊತೆ ಕಬ್ಬಿಣ, ಮ್ಯಾಂಗನೀಸ್ ಸೇರಿದಾಗ ಕೆಂಪು, ಕಿತ್ತಳೆ, ಹಳದಿ, ಕಪ್ಪು ಬಣ್ಣದ ಸುಳಿಗಳು ಮೂಡುತ್ತವೆ. ಅಮೆರಿಕದ ಯೂಟಾ ರಾಜ್ಯದ ಸುಮಾರು 15 ಕೋಟಿ ವರ್ಷ ಹಳೆಯ ಶಿಲಾಪದರಗಳಿಂದ ಬಂದು ಡೈನೋಸಾರ್ ಮಲವೆಂದು ಮಾರಾಟವಾಗುವ ಅಗೇಟ್ ಬಗೆಯ ಕಲ್ಲುಗಳಿಗೆ ಹರಳು ಹವ್ಯಾಸಿಗಳಲ್ಲಿ ಬೇಡಿಕೆಯಿರುವುದು ಈ ಬಣ್ಣಗಳಿಗಾಗಿಯೇ.

ಸಾಣೆಯ ಕೆಲಸ

ಕಲ್ಲನ್ನು ಮೊದಲು ವಜ್ರದ ಹರಳು ಕೂಡಿಸಿದ ಗರಗಸದಿಂದ, ನೀರು ಹನಿಸುತ್ತ, ಬಿಲ್ಲೆಗಳಾಗಿ ಸೀಳಲಾಗುತ್ತದೆ. ಮೊದಲ ಸೀಳಿಗೆ ಮುನ್ನ ಒಳಗೇನಿದೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಹವ್ಯಾಸದ ಗೀಳು ಹಿಡಿಸುವುದೂ ಅದೇ ಕುತೂಹಲ. ಬಳಿಕ ಬೇಕಾದ ಆಕಾರವನ್ನು ಗುರುತು ಹಾಕಿ ಕತ್ತರಿಸಿ, ಒರಟು ಸಾಣೆಯಿಂದ ನಯವಾದ ಸಾಣೆಗೆ ಹಂತಹಂತವಾಗಿ ಸಾಗಬೇಕು. 80 ಅಥವಾ 100ರ ಸಂಖ್ಯೆಯ ಒರಟಿನಿಂದ ಆರಂಭಿಸಿ 220, 600, 1200, 3000ರವರೆಗೆ ಬಂದು, ಕೊನೆಗೆ ಸೀರಿಯಂ ಆಕ್ಸೈಡ್ ಇಲ್ಲವೇ ಅಲ್ಯೂಮಿನಿಯಂ ಆಕ್ಸೈಡ್ ಪುಡಿಯನ್ನು ಚರ್ಮದ ಅಥವಾ ಉಣ್ಣೆಬಟ್ಟೆಯ ಚಕ್ರಕ್ಕೆ ಬಳಿದು ಹೊಳಪು ತರುವುದು ರೂಢಿ. ಒಂದು ಹಂತದ ಗೀರು ಉಳಿಸಿಕೊಂಡು ಮುಂದಿನದಕ್ಕೆ ಹಾರಿದರೆ ಆ ಗೀರು ಕೊನೆಯ ಹೊಳಪಿನಲ್ಲಿ ಎದ್ದು ಕಾಣುವುದು ಖಚಿತ.

ಎಲ್ಲ ಕೊಪ್ರೊಲೈಟ್‌ಗೂ ಒಂದೇ ಸಾಣೆ ಒಗ್ಗದು. ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಅಗೇಟ್ ಸುಮಾರು 7, ಫಾಸ್ಫೇಟ್ ಖನಿಜವಾದ ಅಪಟೈಟ್ 5, ಕ್ಯಾಲ್ಸೈಟ್ 3. ಒಂದೇ ಕಲ್ಲಿನಲ್ಲಿ ಈ ಮೂರೂ ಬೆರೆತಿದ್ದರೆ ಮೆದು ಭಾಗ ಬೇಗ ಸವೆದು ತಗ್ಗಾಗಿ, ಗಟ್ಟಿ ಭಾಗ ಉಬ್ಬಿ ನಿಲ್ಲುತ್ತದೆ. ರಂಧ್ರಗಳಿರುವ ಕಲ್ಲಿಗೆ ತೆಳು ಅಂಟುದ್ರಾವಣ ಕುಡಿಸಿ ಗಟ್ಟಿಮಾಡಿಕೊಳ್ಳುವುದುಂಟು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರ ಧೂಳಿನದು. ಸಿಲಿಕಾ ಧೂಳು ಶ್ವಾಸಕೋಶ ಸೇರಿದರೆ ಸಿಲಿಕೋಸಿಸ್ ಎಂಬ ಗುಣವಾಗದ ರೋಗ ಬರುತ್ತದೆ. ಇದಕ್ಕೆ ದೂರ ಹೋಗಬೇಕಿಲ್ಲ. ಗುಜರಾತಿನ ಖಂಭಾತದಲ್ಲಿ ತಲೆಮಾರುಗಳಿಂದ ಅಗೇಟ್ ಸಾಣೆ ಹಿಡಿಯುತ್ತಿರುವ ಕುಟುಂಬಗಳು ಈ ರೋಗಕ್ಕೆ ತೆತ್ತಿರುವ ಬೆಲೆ ವೈದ್ಯಕೀಯ ದಾಖಲೆಗಳಲ್ಲಿದೆ. ಯೂಟಾದ ಶಿಲಾಪದರಗಳ ಕೆಲವು ಪಳೆಯುಳಿಕೆಗಳಲ್ಲಿ ಯುರೇನಿಯಂ ಅಂಶವೂ ಇರುತ್ತದೆ. ಒಣಗಲ್ಲನ್ನು ಸಾಣೆಗೆ ಒಡ್ಡಬಾರದು, ಮುಖಗವಸು ಬಿಡಬಾರದು.

ಅಸಲಿ ಯಾವುದು?

ಆಕಾರವೊಂದನ್ನೇ ನಂಬಿ ಹಣ ತೆತ್ತರೆ ಮೋಸ ಹೋಗುವುದು ಸುಲಭ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸಿಗುವ ಕಂದುಬಣ್ಣದ, ಸುರುಳಿ ಸುತ್ತಿಕೊಂಡ ಕಲ್ಲುಗಳನ್ನು ಕಂಡವರು ಇದು ಮಲವಲ್ಲದೆ ಬೇರೇನೂ ಅಲ್ಲವೆಂದು ಆಣೆ ಮಾಡಿಯಾರು. 2014ರ ಜುಲೈನಲ್ಲಿ ಅಂಥ ಒಂದು ಕಲ್ಲು, 40 ಅಂಗುಲ ಉದ್ದದ್ದು, ಬೆವರ್ಲಿ ಹಿಲ್ಸ್‌ನ ಹರಾಜಿನಲ್ಲಿ 10,370 ಡಾಲರಿಗೆ ಬಿಕರಿಯಾಯಿತು. ಆದರೆ ಆ ಪದರದ ಕಲ್ಲುಗಳು ಮಲವೇ ಅಲ್ಲ, ಮೆತ್ತನೆಯ ಕೆಸರು ಬಿರುಕುಗಳ ಮೂಲಕ ಒತ್ತಲ್ಪಟ್ಟು ಕಬ್ಬಿಣದ ಖನಿಜವಾಗಿ ಗಟ್ಟಿಗೊಂಡದ್ದಿರಬಹುದೆಂದು ವಾದಿಸುವ ಭೂವಿಜ್ಞಾನಿಗಳಿದ್ದಾರೆ. ಅವುಗಳೊಳಗೆ ಮೂಳೆಯಾಗಲಿ ಹುರುಪೆಯಾಗಲಿ ಕಾಣದಿರುವುದು ಅವರ ಅನುಮಾನಕ್ಕೆ ಮುಖ್ಯ ಕಾರಣ. ನೋಡಲು ಅತಿ ನಿಜವಾಗಿರುವುದೇ ಇಲ್ಲಿ ಅತಿ ಸಂಶಯಾಸ್ಪದ!

ಅಸಲಿಯ ಗುರುತುಗಳು ಒಳಗಿರುತ್ತವೆ. ಅರೆಜೀರ್ಣವಾದ ಮೂಳೆಯ ಚೂರು, ಮೀನಿನ ಹುರುಪೆ, ಸಸ್ಯದ ನಾರು, ಫಾಸ್ಫೇಟ್ ಅಂಶ, ಕೆಲವೊಮ್ಮೆ ಸಗಣಿಹುಳುಗಳು ಕೊರೆದ ಬಿಲ. ಶಾರ್ಕ್ ಮುಂತಾದ ಮೀನುಗಳ ಕರುಳಿನ ರಚನೆಯಿಂದಾಗಿ ಬರುವ ತಿರುಪಿನ ಆಕಾರವೂ ಒಂದು ಒಳ್ಳೆಯ ಸಾಕ್ಷಿ. ಕೆನಡಾದ ಸಸ್ಕಾಚೆವಾನ್‌ನಲ್ಲಿ ದೊರೆತ 44 ಸೆಂಟಿಮೀಟರ್ ಉದ್ದದ ಕೊಪ್ರೊಲೈಟನ್ನು ಕ್ಯಾರೆನ್ ಚಿನ್ ಮತ್ತು ಸಂಗಡಿಗರು 1998ರಲ್ಲಿ ವರದಿ ಮಾಡಿದರು. ಅದರ ತುಂಬ ಎಳೆಯ ಸಸ್ಯಾಹಾರಿ ಡೈನೋಸಾರಿನ ಮೂಳೆಯ ನುಚ್ಚಿತ್ತು. ಗಾತ್ರ, ಕಾಲ, ಸ್ಥಳ ಮೂರನ್ನೂ ತೂಗಿ ನೋಡಿ ಅದು ಟಿರನೊಸಾರಸ್ ರೆಕ್ಸ್‌ನದ್ದಾಗಿರಬಹುದೆಂಬ ನಿರ್ಣಯಕ್ಕೆ ಬರಲಾಯಿತು.

ಸಂಗ್ರಾಹಕರಲ್ಲಿ ಹೆಸರಾದವರು ಅಮೆರಿಕದ ಜಾರ್ಜ್ ಫ್ರಾಂಡ್‌ಸನ್. ಅವರ 1,277 ಕೊಪ್ರೊಲೈಟ್‌ಗಳ ಸಂಗ್ರಹ 2015ರ ಎಣಿಕೆಯಂತೆ ಗಿನ್ನೆಸ್ ದಾಖಲೆಗೆ ಸೇರಿತು. 2024ರಲ್ಲಿ ಅರಿಝೋನಾದ ವಿಲಿಯಮ್ಸ್ ಪಟ್ಟಣದಲ್ಲಿ ಅವರು ಇದಕ್ಕೆಂದೇ ಒಂದು ವಸ್ತುಸಂಗ್ರಹಾಲಯವನ್ನು ತೆರೆದರು. ಅಲ್ಲಿನ ‘ಬಾರ್ನಮ್’ ಎಂಬ ಹೆಸರಿನ ಕಲ್ಲು 67.5 ಸೆಂಟಿಮೀಟರ್ ಉದ್ದವಿದ್ದು, ಮಾಂಸಾಹಾರಿಯ ಕೊಪ್ರೊಲೈಟ್‌ಗಳಲ್ಲಿ ಅತಿ ದೊಡ್ಡದೆಂದು ದಾಖಲಾಗಿದೆ.

ಮಂಕು ಕಲ್ಲಿನ ಮಾತು

ಕರ್ನಾಟಕದ ಹವ್ಯಾಸಿ ತನ್ನ ನೆಲದಲ್ಲಿ ಡೈನೋಸಾರ್ ಲದ್ದಿಯನ್ನು ಅರಸಿದರೆ ನಿರಾಶೆಯೇ ಗತಿ. ರಾಜ್ಯದ ಶಿಲೆಗಳಲ್ಲಿ ಬಹುಪಾಲು ಪ್ರಾಣಿಗಳು ಹುಟ್ಟುವುದಕ್ಕೂ ಬಹಳ ಹಿಂದಿನವು. ಆದರೆ ನೆರೆಯ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಪಿಸ್ದುರಾ ಎಂಬ ಹಳ್ಳಿಯ ಹೊಲಗಳಲ್ಲಿ ಅವು ಮಣ್ಣಿನ ಮೇಲೆಯೇ ದೊರೆಯುತ್ತವೆ. ಬ್ರಿಟಿಷ್ ಭೂವಿಜ್ಞಾನಿ ಚಾರ್ಲ್ಸ್ ಮ್ಯಾಟ್ಲಿ 1939ರಲ್ಲೇ ಅವುಗಳನ್ನು ವಿವರಿಸಿದ್ದರು. ಕಣ್ಣಿಗೆ ಏನೂ ಅಂದವಿಲ್ಲದ, ಮಂಕು ಬಣ್ಣದ ಉಂಡೆಗಳು.

ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ವಂದನಾ ಪ್ರಸಾದ್, ಕ್ಯಾರೊಲಿನ್ ಸ್ಟ್ರಾಂಬರ್ಗ್, ಅಶೋಕ್ ಸಾಹ್ನಿ ಮುಂತಾದವರು ಈ ಉಂಡೆಗಳನ್ನು ಪರೀಕ್ಷಿಸಿ 2005ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಫಲಿತಾಂಶ ಪಠ್ಯಪುಸ್ತಕಗಳ ಒಂದು ಸಾಲನ್ನೇ ತಿದ್ದಿತು. ಸಸ್ಯಗಳ ಜೀವಕೋಶಗಳಲ್ಲಿ ಬೆಳೆಯುವ ಸಿಲಿಕಾದ ಅತಿಸೂಕ್ಷ್ಮ ಕಣಗಳು ಅವುಗಳಲ್ಲಿ ಉಳಿದಿದ್ದವು. ಕಣಗಳ ಆಕಾರದಿಂದ ಸಸ್ಯದ ಕುಲವನ್ನು ಗುರುತಿಸಬಹುದು. ಅಲ್ಲಿ ಕಂಡದ್ದು ಹುಲ್ಲು, ಅದೂ ಕನಿಷ್ಠ ಐದು ಬಗೆಯದು. ಭತ್ತದ ದಾಯಾದಿಗಳೂ ಅದರಲ್ಲಿದ್ದವು. ಡೈನೋಸಾರ್‌ಗಳು ಅಳಿದ ಬಳಿಕವೇ ಹುಲ್ಲಿನ ಕುಲ ಕವಲೊಡೆದು ಹರಡಿತೆಂಬ ನಂಬಿಕೆ ಹೀಗೆ ಸಡಿಲವಾಯಿತು.

ತಿಕ್ಕಾಟ ಇರುವುದು ಇಲ್ಲಿಯೇ. ಸಿಲಿಕಾ ಪೂರ್ತಿ ನುಗ್ಗಿ ಅಗೇಟ್ ಆದ ಕಲ್ಲು ಸಾಣೆಗೆ ಅತ್ಯುತ್ತಮ. ಆದರೆ ಆ ಬದಲಾವಣೆಯಲ್ಲಿ ಒಳಗಿನ ಊಟದ ಗುರುತುಗಳು ಸಾಮಾನ್ಯವಾಗಿ ಅಳಿಸಿಹೋಗಿರುತ್ತವೆ. ಊಟದ ಗುರುತನ್ನು ಕಾಪಾಡಿಕೊಂಡ ಫಾಸ್ಫೇಟ್ ಕಲ್ಲು ಹೊಳಪಿಗೆ ಅಷ್ಟಾಗಿ ಒಲಿಯದು. ಬಣ್ಣದ ಅಗೇಟ್ ಉಂಡೆಯೊಂದು ಪದಕವಾದರೆ ವಿಜ್ಞಾನಕ್ಕೆ ಆಗುವ ನಷ್ಟ ದೊಡ್ಡದೇನಲ್ಲ. ಮಂಕು ಉಂಡೆಯನ್ನು ಎಲ್ಲಿಂದ, ಯಾವ ಪದರದಿಂದ ತಂದದ್ದೆಂದು ಬರೆದಿಡದೆ ಸೀಳಿದರೆ ಮಾತ್ರ ನಷ್ಟಕ್ಕೆ ಪರಿಹಾರವಿಲ್ಲ. ಪಿಸ್ದುರಾದ ಉಂಡೆಗೆ ಬೆಲೆ ಬಂದದ್ದು ಅದರ ಸ್ಥಳ ಮತ್ತು ಪದರ ಗೊತ್ತಿದ್ದುದರಿಂದ. ವಿಳಾಸ ಕಳೆದುಕೊಂಡ ಕೊಪ್ರೊಲೈಟ್ ಬರಿಯ ಕಲ್ಲು.

ಕಾನೂನು ಈ ಭೇದವನ್ನು ಬಲ್ಲದು ಎನ್ನಲಾಗದು. ಅಮೆರಿಕದಲ್ಲಿ 2009ರ ಕಾಯ್ದೆಯ ಪ್ರಕಾರ ಕೇಂದ್ರ ಸರ್ಕಾರದ ಭೂಮಿಯಿಂದ ಕಶೇರುಕ ಪ್ರಾಣಿಗಳ ಪಳೆಯುಳಿಕೆಯನ್ನು ಪರವಾನಗಿಯಿಲ್ಲದೆ ಒಯ್ಯುವಂತಿಲ್ಲ. ಅವುಗಳ ಮಲವೂ ಅದೇ ಸಾಲಿಗೆ ಸೇರುತ್ತದೆ. ಖಾಸಗಿ ಜಮೀನಿನಲ್ಲಿ ಮಾಲೀಕನ ಒಪ್ಪಿಗೆಯೇ ಸಾಕು. ಭಾರತದಲ್ಲಿ ಪಳೆಯುಳಿಕೆಗಳ ರಕ್ಷಣೆಗೆ ಸಮಗ್ರ ಕಾನೂನು ಬೇಕೆಂಬುದು ಭೂವಿಜ್ಞಾನಿಗಳ ಹಳೆಯ ಒತ್ತಾಯ. ಭೂಪರಂಪರೆಯ ತಾಣಗಳು ಹಾಗೂ ಭೂ ಅವಶೇಷಗಳ ಸಂರಕ್ಷಣೆಯ ಮಸೂದೆಯೊಂದರ ಕರಡನ್ನು ಕೇಂದ್ರ ಗಣಿ ಸಚಿವಾಲಯ 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿತ್ತು.

ಸೀಳದೆಯೇ ಒಳಗನ್ನು ನೋಡುವ ದಾರಿಯೂ ಈಗ ತೆರೆದಿದೆ. ಪೋಲೆಂಡಿನ ಕ್ರಾಶೆಯೂಫ್‌ನಲ್ಲಿ ಸಿಕ್ಕ ಸುಮಾರು 23 ಕೋಟಿ ವರ್ಷ ಹಳೆಯ ಕೊಪ್ರೊಲೈಟನ್ನು ಫ್ರಾನ್ಸಿನ ಗ್ರೆನೋಬಲ್‌ನ ಪ್ರಬಲ ಕ್ಷ-ಕಿರಣಗಳ ಕೇಂದ್ರದಲ್ಲಿ ಪರೀಕ್ಷಿಸಿದ ವಿಜ್ಞಾನಿಗಳು ಅದರೊಳಗೆ ಕಾಲು, ಮೀಸೆಗಳು ಉಳಿದಿದ್ದ ಪುಟ್ಟ ಜೀರುಂಡೆಗಳನ್ನು ಕಂಡರು. ಉದ್ದ ಒಂದೂವರೆ ಮಿಲಿಮೀಟರಿನ ಆಸುಪಾಸು. ವಿಜ್ಞಾನಕ್ಕೆ ಅದು ಹೊಸ ಪ್ರಭೇದ; 2021ರಲ್ಲಿ ಅದಕ್ಕೆ ‘ಟ್ರಯಮಿಕ್ಸಾ ಕೊಪ್ರೊಲಿಥಿಕಾ’ ಎಂದು ಹೆಸರಿಡಲಾಯಿತು. ಎಡಿನ್‌ಬರೊದ ಹರಳು ಕೆಲಸದವರು ಇಲ್ಲದ ಜೀರುಂಡೆಯನ್ನು ಕಲ್ಲಿನಲ್ಲಿ ಕಂಡಿದ್ದರು. ಈ ಕಲ್ಲಿನಲ್ಲಿ ಜೀರುಂಡೆ ನಿಜವಾಗಿಯೂ ಇತ್ತು.