ಮನೆಯಲ್ಲಿ ಸಾಕಿದ ಟಗರು ಯಾವ ತಳಿ? ಪ್ರದರ್ಶನಕ್ಕೆ ಒಯ್ಯಬಹುದೆ?



ಅರಸೀಕೆರೆ ಸೀಮೆಯ ಎಷ್ಟೋ ಮನೆಗಳ ಮುಂದೆ ಒಂಟಿ ಟಗರೊಂದು ಕಟ್ಟಿರುತ್ತದೆ. ತಾಯಿ ಸತ್ತ ಮರಿ. ಮಕ್ಕಳು ಹಾಲು ಕುಡಿಸಿ ಬದುಕಿಸಿದ್ದು. ಹೆಸರು ಹಿಡಿದು ಕೂಗಿದರೆ ಓಡಿ ಬರುತ್ತದೆ. ಅದು ಮೈದುಂಬಿ ನಿಂತ ಮೇಲೆ ಮನೆಯಲ್ಲಿ ಮಾತು ಹುಟ್ಟುತ್ತದೆ: "ಇದು ಯಾವ ಜಾತೀದು? ಪ್ರದರ್ಶನಕ್ಕೆ ಒಯ್ದರ ನಡೀತೈತೇನು?" ಬಿಳಿ ಐತಿ, ಬನ್ನೂರಿನದು ಅಂತ ಒಬ್ಬರು. ಕೊಂಬಿಲ್ಲ, ಬೆರಕೆ ಅಂತ ಇನ್ನೊಬ್ಬರು. ಇಬ್ಬರೂ ತಪ್ಪಿರಬಹುದು.

ನಮ್ಮ ಭಾಗದ ಸ್ವಂತ ತಳಿ ಬಳ್ಳಾರಿ ಕುರಿ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಕುರಿ ಮಾತ್ರ ಬಳ್ಳಾರಿ ಕುರಿಯಾಗಿಯೇ ಉಳಿದಿದೆ! ಇದರ ಬಣ್ಣ ಒಂದೇ ಅಲ್ಲ. ಅಚ್ಚ ಬಿಳಿ, ಕರಿ, ಕರಿಬಿಳಿ ಮಚ್ಚೆ ಎಲ್ಲವೂ ಉಂಟು. ಟಗರುಗಳಲ್ಲಿ ಸುಮಾರು ಮೂರರಲ್ಲಿ ಒಂದಕ್ಕೆ ಮಾತ್ರ ಕೊಂಬು. ಆದ್ದರಿಂದ ಬಣ್ಣ, ಕೊಂಬು ಇವೆರಡನ್ನೇ ಹಿಡಿದು ತಳಿ ಹೇಳಬಾರದು. ಕಿವಿ ಚಪ್ಪಟೆಯಾಗಿ ಜೋತಿರಬೇಕು, ಬಾಲ ಗಿಡ್ಡವಾಗಿ ತೆಳುವಾಗಿರಬೇಕು, ಉಣ್ಣೆ ಒರಟಾಗಿ ಬಿಡಿಬಿಡಿಯಾಗಿರಬೇಕು.

ಬನ್ನೂರು, ಅಂದರೆ ಮಂಡ್ಯ ಕುರಿ, ಬೇರೆಯೇ ಆಕಾರದ್ದು: ಗಿಡ್ಡ ಕಾಲು, ತುಂಬಿದ ಮೈ, ಹಿಂದಿನಿಂದ ನೋಡಿದರೆ ತೊಡೆಗಳ ನಡುವೆ ಕಮಾನು ಕಟ್ಟಿದಂತೆ. ನೆಲ್ಲೂರಿನದು ಎತ್ತರ, ಮೈಮೇಲೆ ಉಣ್ಣೆಯಿಲ್ಲದೆ ಬರೀ ಕೂದಲು. ಕೆಂಗುರಿ ಹೆಸರಿನಂತೆಯೇ ಕೆಂಪು. ತೊಡಕು ಬರುವುದು ದಖನಿ ಕುರಿಯಲ್ಲಿ. ಅದೂ ಕರಿ, ಕರಿಬಿಳಿ, ಕಿವಿಯೂ ಜೋತಿರುತ್ತದೆ. ಮೂಗು ಉಬ್ಬಿ, ಎದೆ ಕಿರಿದಾಗಿ, ಬೆನ್ನೆಲುಬು ಎದ್ದು ಕಂಡರೆ ಆ ಕಡೆಯ ರಕ್ತವೆಂದು ಸಂಶಯಪಡಬಹುದು. ಖಚಿತಕ್ಕೆ ತಾಯಿ ತಂದೆ ಗೊತ್ತಿರಬೇಕು. ಮರಿ ಕೊಟ್ಟ ಹಟ್ಟಿಯವರನ್ನೇ ಹೋಗಿ ಕೇಳಿರಿ.

ಇನ್ನು ಪ್ರದರ್ಶನದ ಮಾತು. ಮೊದಲು ಬಾಯಿ ತೆರೆಯಿರಿ. ಕೆಳದವಡೆಯ ಮುಂಭಾಗದಲ್ಲಿ ಎಂಟು ಹಲ್ಲು. ಮೇಲೆ ಮುಂಭಾಗದಲ್ಲಿ ಹಲ್ಲೇ ಇಲ್ಲ, ಗಟ್ಟಿ ವಸಡು. ಹಾಲುಹಲ್ಲು ಬಿದ್ದು ಎರಡು ದೊಡ್ಡ ಹಲ್ಲು ಬಂದಿದ್ದರೆ ಒಂದರಿಂದ ಒಂದೂವರೆ ವರ್ಷ. ನಾಲ್ಕು ಆಗಿದ್ದರೆ ಎರಡು ವರ್ಷದ ಆಸುಪಾಸು. ಕೆಳಹಲ್ಲು ಆ ವಸಡಿಗೆ ಸರಿಯಾಗಿ ಕೂಡಬೇಕು. ಮುಂದೆ ಚಾಚಿದರೂ ಹಿಂದೆ ಸರಿದರೂ ಕುಂದೇ. ಆಮೇಲೆ ಬೀಜ ಮುಟ್ಟಿ ನೋಡಿರಿ. ಎರಡೂ ಇಳಿದು ಸಮವಾಗಿರಬೇಕು. ಒಂಟಿಬೀಜದ ಟಗರು ಎಷ್ಟೇ ಚೆಂದ ಕಂಡರೂ ಹಿಂಡಿಗೆ ಬೇಡ. ಆ ದೋಷ ಮರಿಗಳಿಗೆ ಇಳಿದೀತು. ಕಾಲು ನೆಟ್ಟಗಿವೆಯೆ, ಗೊರಸು ಕೊಳೆತಿಲ್ಲವೆ ಎಂದು ನಡೆಸಿ ನೋಡಿರಿ.

ತಕ್ಕಡಿ ಇಲ್ಲದಿದ್ದರೆ ದಾರದಿಂದ ಎದೆಸುತ್ತನ್ನೂ, ಭುಜದ ಮೊನೆಯಿಂದ ಪೃಷ್ಠದ ಮೂಳೆಯವರೆಗಿನ ಉದ್ದವನ್ನೂ ಇಂಚಿನಲ್ಲಿ ಅಳೆಯಿರಿ. ಸುತ್ತನ್ನು ಸುತ್ತಿನಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಸುತ್ತು 30, ಉದ್ದ 26 ಇದ್ದರೆ ಸುಮಾರು 35 ಕಿಲೋ. ಇದು ಅಂದಾಜು ಮಾತ್ರ.

ಇಲ್ಲಿಯೇ ಕೆಲವರು ಎಡವುತ್ತಾರೆ. ಪ್ರದರ್ಶನ ಹತ್ತಿರ ಬಂತೆಂದು ಒಮ್ಮೆಲೇ ಸೇರುಗಟ್ಟಲೆ ಮೆಕ್ಕೆಜೋಳ ಸುರಿಯುತ್ತಾರೆ. ಮೇವು ತಿಂದ ಹೊಟ್ಟೆಗೆ ಆ ಕಾಳು ಹುಳಿಯಾಗುತ್ತದೆ. ಕರುಳುಬೇನೆಯೂ ಇಂಥ ಹೊತ್ತಿನಲ್ಲೇ ಎರಗುತ್ತದೆ. ಸಂಜೆ ಚೆನ್ನಾಗಿದ್ದ ಟಗರು ಬೆಳಗಿಗೆ ಸತ್ತು ಬಿದ್ದಿರುತ್ತದೆ. ಮಕ್ಕಳಿಗೆ ಏನು ಹೇಳುವಿರಿ? ಕಾಳು ಕೊಡುವುದಿದ್ದರೆ ಒಂದು ಹಿಡಿಯಿಂದ ಆರಂಭಿಸಿ, ಎರಡು ಮೂರು ವಾರಗಳಲ್ಲಿ ಮೆಲ್ಲಗೆ ಏರಿಸಿರಿ. ಒಣಮೇವು ಬಿಡಬೇಡಿರಿ.

ಕೈಯಲ್ಲಿ ಬೆಳೆದ ಟಗರಿಗೆ ಮನುಷ್ಯರ ಅಂಜಿಕೆ ಇರುವುದಿಲ್ಲ. ಹುಡುಗರು ತಲೆಗೆ ಕೈಕೊಟ್ಟು ನೂಕಾಡುವ ಆಟ ಕಲಿಸಿದ್ದರೆ ಜನಸಂದಣಿಯಲ್ಲಿ ಗುದ್ದೇ ಗುದ್ದುತ್ತದೆ. ಆ ಆಟ ಇಂದೇ ನಿಲ್ಲಿಸಿ, ಹಗ್ಗ ಹಿಡಿದು ನಡೆಯುವುದನ್ನು ಕಲಿಸಿರಿ.

ಪಶುವೈದ್ಯರಿಂದ ಪಿ.ಪಿ.ಆರ್. ಮತ್ತು ಕರುಳುಬೇನೆ ಲಸಿಕೆಗಳನ್ನು ಹೊರಡುವುದಕ್ಕೆ ತಿಂಗಳ ಮುಂಚೆಯೇ ಹಾಕಿಸಿರಿ. ಬಹುಮಾನ ಬರಲಿ ಬಿಡಲಿ, ಮರಳಿದ ಮೇಲೆ ಮೂರು ವಾರ ಟಗರನ್ನು ಬೇರೆ ಕುರಿಗಳಿಂದ ದೂರ ಕಟ್ಟಿ, ನೀರಿನ ಬಾನಿಯನ್ನೂ ಬೇರೆ ಇಡಿರಿ.