ಅಮೆರಿಕದ ಫುಟ್‌ಬಾಲ್ ತಂಡಗಳ ಮೀಸಲು ಬಲ: ಒಂದು ಅರ್ಥಶಾಸ್ತ್ರೀಯ ವಿವೇಚನೆ

ಶ್ರಮದ ಮಾರುಕಟ್ಟೆಯನ್ನು ಕುರಿತು ನಾವು ತರಗತಿಗಳಲ್ಲಿ ಬೋಧಿಸುವ ತತ್ತ್ವಗಳಿಗೆ ನಿದರ್ಶನಗಳನ್ನು ಸಾಮಾನ್ಯವಾಗಿ ಗಿರಣಿಗಳಿಂದಲೋ ತೋಟಗಳಿಂದಲೋ ಆಯ್ದುಕೊಳ್ಳುತ್ತೇವೆ. ಅಲ್ಲಿ ಒಬ್ಬ ಕೆಲಸಗಾರನ ವೇತನವೆಷ್ಟು, ಅವನ ಉತ್ಪಾದಕತೆಯೆಷ್ಟು, ಅವನು ಬಿಟ್ಟುಹೋದರೆ ಯಜಮಾನನಿಗಾಗುವ ನಷ್ಟವೆಷ್ಟು ಎಂಬುದು ಹೊರಗಿನವರಿಗೆ ತಿಳಿಯುವುದು ದುರ್ಲಭ. ಅಮೆರಿಕ ಸಂಯುಕ್ತ ಸಂಸ್ಥಾನಗಳ ವೃತ್ತಿ ಫುಟ್‌ಬಾಲಿನಲ್ಲಿಯಾದರೋ ಇವೆಲ್ಲವೂ ಬಹುಮಟ್ಟಿಗೆ ಬಹಿರಂಗ. ಆದಕಾರಣ ಆ ಕ್ರೀಡೆಯ ಒಂದು ಸಮಸ್ಯೆಯನ್ನು, ಎಂದರೆ ತಂಡವೊಂದು ತನ್ನ ಮೀಸಲು ಬಲವನ್ನು ಹೇಗೆ ಕಟ್ಟಿಕೊಳ್ಳುತ್ತದೆ, ಅದರ ಬೆಲೆಯನ್ನು ನಿಜವಾಗಿ ತೆರುವವರು ಯಾರು ಎಂಬುದನ್ನು, ಇಲ್ಲಿ ವಿಚಾರಿಸಬೇಕೆಂದಿದ್ದೇವೆ.

ಇಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಮೈದಾನಗಳಲ್ಲಿ ಕಾಲಿನಿಂದ ಆಡುವ ಆಟವಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಮೈಮೇಲೆ ಬಿದ್ದು ಕೆಡಹುವ ಆಟ. ನ್ಯಾಷನಲ್ ಫುಟ್‌ಬಾಲ್ ಲೀಗ್ ಎಂಬ ಸಂಸ್ಥೆಯಲ್ಲಿ 32 ತಂಡಗಳಿವೆ. ಒಮ್ಮೆಗೆ ಮೈದಾನದಲ್ಲಿ ನಿಲ್ಲುವವರು ಹನ್ನೊಂದೇ ಮಂದಿಯಾದರೂ, ಆಕ್ರಮಣಕ್ಕೆ ಬೇರೆ, ರಕ್ಷಣೆಗೆ ಬೇರೆ, ಚೆಂಡನ್ನು ಒದೆಯುವ ಸಂದರ್ಭಗಳಿಗೆ ಬೇರೆ ಎಂಬಂತೆ ಆಟಗಾರರು ವಿಂಗಡವಾಗಿರುವುದರಿಂದ ತಂಡದ ಪಟ್ಟಿಯಲ್ಲಿ 53 ಹೆಸರುಗಳಿರುತ್ತವೆ. 2021ರಿಂದ ಪ್ರತಿಯೊಂದು ತಂಡವೂ ಋತುವಿಗೆ 17 ಪಂದ್ಯಗಳನ್ನಾಡುತ್ತದೆ. ಆಟದ ಸ್ವರೂಪವೇ ಅಂಥದಾದ್ದರಿಂದ ಮೊದಲ ವಾರ ಆಡಿದ ಪ್ರಮುಖರೆಲ್ಲರೂ ಕೊನೆಯ ವಾರದವರೆಗೆ ಅಕ್ಷತರಾಗಿ ಉಳಿಯುವುದು ನಡೆಯದ ಮಾತು. ಮೊಣಕಾಲು ಮುರಿದವನ ಸ್ಥಾನಕ್ಕೆ ಮರುನಿಮಿಷದಲ್ಲಿಯೇ ಇಳಿಯುವವನು ಯಾರು? ಈ ಪ್ರಶ್ನೆಗೆ ತಂಡದಲ್ಲಿರುವ ಉತ್ತರವನ್ನೇ ನಾವು ಮೀಸಲು ಬಲವೆನ್ನುತ್ತೇವೆ. ಅಲ್ಲಿಯವರು ಇದನ್ನು ತಂಡದ ‘ಆಳ’ವೆನ್ನುತ್ತಾರೆ.

ಆಟಗಾರರು ತಂಡಕ್ಕೆ ಬರುವ ಮುಖ್ಯ ದ್ವಾರಗಳು ಎರಡು. ಕಾಲೇಜು ಆಟ ಮುಗಿಸಿದ ತರುಣರನ್ನು ತಂಡಗಳು ಸರದಿಯ ಮೇಲೆ ಹೆಸರಿಸಿ ತಮ್ಮವರನ್ನಾಗಿ ಮಾಡಿಕೊಳ್ಳುವ ವಾರ್ಷಿಕ ಆಯ್ಕೆ, ಎಂದರೆ ಡ್ರಾಫ್ಟ್, ಒಂದು. ಕರಾರು ಮುಗಿದ ಅನುಭವಿ ಆಟಗಾರನು ತನಗೆ ಬೇಕಾದ ತಂಡದೊಡನೆ ಬೆಲೆ ಮಾತಾಡಿಕೊಳ್ಳುವ ಫ್ರೀ ಏಜೆನ್ಸಿ ಮತ್ತೊಂದು. ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತವಾದ ಐ.ಪಿ.ಎಲ್. ಕ್ರಿಕೆಟ್ಟಿನ ಹರಾಜಿಗೂ ಡ್ರಾಫ್ಟಿಗೂ ಇರುವ ಭೇದವನ್ನು ಮೊದಲೇ ಗಮನಿಸಬೇಕು. ಹರಾಜಿನಲ್ಲಿ ಒಬ್ಬ ಆಟಗಾರನಿಗಾಗಿ ಹಲವರು ಕೂಗಬಹುದು. ಡ್ರಾಫ್ಟಿನಲ್ಲಿ ಹೆಸರಿಸಿದ ತಂಡದ ಹೊರತು ಬೇರೆಯವರು ಅವನೊಡನೆ ಮಾತಾಡುವಂತೆಯೇ ಇಲ್ಲ.

ಈ ವ್ಯವಸ್ಥೆಯ ಚರಿತ್ರೆಯನ್ನು ಫಿಲಡೆಲ್ಫಿಯ ನಗರದ ಈಗಲ್ಸ್ ತಂಡವೊಂದರ ಮೂಲಕವೇ ಹೇಳಬಹುದು. ಡ್ರಾಫ್ಟ್ ಇರಬೇಕೆಂದು 1935ರಲ್ಲಿ ಸೂಚಿಸಿದವನು ಆ ತಂಡದ ಮಾಲೀಕರಲ್ಲೊಬ್ಬನಾದ ಬರ್ಟ್ ಬೆಲ್. ಸೋತ ತಂಡಕ್ಕೆ ಮೊದಲ ಆಯ್ಕೆ ಎಂಬುದು ಅವನ ಸೂತ್ರ. ಧನಿಕ ತಂಡಗಳೇ ಒಳ್ಳೆಯ ಆಟಗಾರರನ್ನೆಲ್ಲ ಕೊಂಡರೆ ಆಟದಲ್ಲಿ ಸ್ವಾರಸ್ಯವುಳಿಯದೆಂಬುದು ಅವನ ವಾದವಾಗಿತ್ತು. ಸೋಲುತ್ತಿದ್ದ ತಂಡದ ಒಡೆಯನಾದ ಅವನಿಗೆ ಅದರಲ್ಲಿ ಸ್ವಂತ ಲಾಭವೂ ಇದ್ದಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ. 1936ರ ಪ್ರಥಮ ಡ್ರಾಫ್ಟಿನಲ್ಲಿ ಮೊದಲ ಆಯ್ಕೆ ಈಗಲ್ಸ್ ತಂಡಕ್ಕೇ ಬಂದಿತು. ಅವರು ಹೆಸರಿಸಿದ ಷಿಕಾಗೋ ವಿಶ್ವವಿದ್ಯಾನಿಲಯದ ಜೇ ಬರ್‌ವಾಂಗರ್ ಕೊಟ್ಟ ವೇತನ ಸಾಲದೆಂದು ಬೇರೆ ಉದ್ಯೋಗ ಹಿಡಿದನು. ಈ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಆ ವರ್ಷ ತಂಡ ಗೆದ್ದದ್ದು ಒಂದು, ಸೋತದ್ದು ಹನ್ನೊಂದು.

ಅನಂತರದ ಅರ್ಧ ಶತಮಾನದಲ್ಲಿ ಆಟಗಾರನು ತನ್ನನ್ನು ಆಯ್ದ ತಂಡಕ್ಕೆ ಹೆಚ್ಚುಕಡಿಮೆ ಕಟ್ಟುಬಿದ್ದವನಾಗಿದ್ದನು. ಏಕಸ್ವಾಮ್ಯವಿರೋಧಿ ಕಾನೂನುಗಳು ಫುಟ್‌ಬಾಲಿಗೂ ಅನ್ವಯಿಸುತ್ತವೆಂದು 1957ರಲ್ಲಿ ಸುಪ್ರೀಂ ಕೋರ್ಟು ರಾಡೊವಿಚ್ ಮೊಕದ್ದಮೆಯಲ್ಲಿ ತೀರ್ಪಿತ್ತಿತು. 1968ರ ಡ್ರಾಫ್ಟಿನಲ್ಲಿ ಆಯ್ಕೆಯಾಗಿ, ಮೊದಲ ವರ್ಷವೇ ಕತ್ತಿಗೆ ಪೆಟ್ಟುಬಿದ್ದು ಆಟ ಬಿಡಬೇಕಾದ ಜೇಮ್ಸ್ ಸ್ಮಿತ್ ಎಂಬವನು ಹೂಡಿದ ದಾವೆಯಲ್ಲಿ, ಆಗಿನ ಡ್ರಾಫ್ಟ್ ಪದ್ಧತಿಯೇ ಕಾನೂನುಬಾಹಿರವೆಂದು 1978ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಹೇಳಿತು. ಆದರೆ ಅಷ್ಟರಲ್ಲಿ ಆಟಗಾರರ ಸಂಘವೇ 1977ರ ಸಾಮೂಹಿಕ ಒಪ್ಪಂದದಲ್ಲಿ ಡ್ರಾಫ್ಟಿಗೆ ಸಮ್ಮತಿಯಿತ್ತಿತ್ತು. ಕಾರ್ಮಿಕ ಸಂಘ ಒಪ್ಪಿದ ನಿರ್ಬಂಧಕ್ಕೆ ಆ ಕಾನೂನು ಅಡ್ಡಬರುವುದಿಲ್ಲ. ಈ ಅಂಶವನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಇದರ ಪ್ರಯೋಜನವಿದೆ. ಹಲವು ವ್ಯಾಜ್ಯಗಳ ಬಳಿಕ 1993ರಲ್ಲಿ ಅನುಭವಿಗಳಿಗೆ ನಿಜವಾದ ಸ್ವಾತಂತ್ರ್ಯ ದೊರೆಯಿತು. ಅದನ್ನು ಮೊದಲು ಬಳಸಿಕೊಂಡ ಹೆಸರಾಂತರಲ್ಲಿ ಈಗಲ್ಸ್ ತಂಡದ ರೆಜಿ ವೈಟ್ ಅಗ್ರಗಣ್ಯ. ಅವನು ನಾಲ್ಕು ವರ್ಷಗಳಿಗೆ 1 ಕೋಟಿ 70 ಲಕ್ಷ ಡಾಲರಿಗೆ ಗ್ರೀನ್ ಬೇ ತಂಡವನ್ನು ಸೇರಿದನು.

ಸ್ವಾತಂತ್ರ್ಯದ ಬೆನ್ನಿಗೇ ವೇತನಮಿತಿಯೂ ಬಂದಿತು. ತಂಡವೊಂದು ಆಟಗಾರರ ಮೇಲೆ ವೆಚ್ಚಮಾಡಬಹುದಾದ ಒಟ್ಟು ಮೊತ್ತ 1994ರಲ್ಲಿ 3 ಕೋಟಿ 46 ಲಕ್ಷ ಡಾಲರು. 2024ರಲ್ಲಿ 25 ಕೋಟಿ 54 ಲಕ್ಷ. ಈ ಎರಡನೆಯ ಮೊತ್ತವನ್ನು 53ರಿಂದ ಭಾಗಿಸಿದರೆ ತಲೆಗೆ 48 ಲಕ್ಷದಷ್ಟಾಗುತ್ತದೆ. ಆದರೆ ಒಬ್ಬ ಉತ್ತಮ ಕ್ವಾರ್ಟರ್‌ಬ್ಯಾಕ್‌ಗೆ, ಎಂದರೆ ಆಕ್ರಮಣದ ಸೂತ್ರಧಾರನಿಗೆ, ವರ್ಷಕ್ಕೆ 5 ಕೋಟಿ ಕೊಡಬೇಕಾಗಿ ಬಂದಿರುವಾಗ ಈ ಸರಾಸರಿಗೆ ಅರ್ಥವೇ ಇಲ್ಲ. ನಾಲ್ಕಾರು ಮಂದಿ ಪ್ರಮುಖರ ವೇತನ ಕಳೆದ ಮೇಲೆ ಉಳಿದುದರಲ್ಲಿ ಮಿಕ್ಕವರನ್ನೆಲ್ಲ ತುಂಬಿಕೊಳ್ಳಬೇಕು. ಎಂದಮೇಲೆ ಮೀಸಲು ಬಲವನ್ನು ಮುಕ್ತ ಮಾರುಕಟ್ಟೆಯ ಬೆಲೆಗೆ ಕೊಳ್ಳುವುದು ಲೆಕ್ಕದಿಂದಲೇ ಅಸಾಧ್ಯ. ಎಲ್ಲಿಯಾದರೂ ಬೆಲೆಗಿಂತ ಅಗ್ಗವಾಗಿ ಪ್ರತಿಭೆ ಸಿಕ್ಕಬೇಕು.

2011ರಲ್ಲಿ ಈಗಲ್ಸ್ ತಂಡ ಇದನ್ನು ಮರೆತಂತೆ ನಡೆದುಕೊಂಡಿತು. ನ್ನಾಂಡಿ ಅಸೊಮುವಾ ಎಂಬ ಖ್ಯಾತ ರಕ್ಷಣಾ ಆಟಗಾರನಿಗೆ ಐದು ವರ್ಷಗಳಿಗೆ 6 ಕೋಟಿ ಡಾಲರಿನ ಕರಾರಿತ್ತು, ಇನ್ನೂ ಹಲವರನ್ನು ಸೇರಿಸಿಕೊಂಡಿತು. ಹೊಸದಾಗಿ ಬಂದವರಲ್ಲೊಬ್ಬನಾದ ವಿನ್ಸ್ ಯಂಗ್ ಇದನ್ನು ‘ಕನಸಿನ ತಂಡ’ವೆಂದು ಕರೆದನು, ಆ ಮಾತು ಬಹುಕಾಲ ಅವರನ್ನು ಕಾಡಿತು. ಎಂಟು ಗೆಲವು, ಎಂಟು ಸೋಲು. ಮರುವರ್ಷ ನಾಲ್ಕು ಗೆಲವು, ಹನ್ನೆರಡು ಸೋಲು. ಕೊಂಡವರೆಲ್ಲರೂ ನಿಷ್ಪ್ರಯೋಜಕರಾದರೆಂದು ಹೇಳುವುದು ಅನ್ಯಾಯ. ಜೇಸನ್ ಬ್ಯಾಬಿನ್ ಆ ವರ್ಷ ಅಮೋಘವಾಗಿ ಆಡಿದನು. ಕೊರತೆಯಿದ್ದುದು ನಕ್ಷತ್ರಗಳ ನಡುವಣ ಸ್ಥಾನಗಳಲ್ಲಿ.

ಅದೇ ನಗರದ 2017ರ ತಂಡ ಇದಕ್ಕೆ ಪ್ರತಿಯಾದ ಚಿತ್ರ. ಅಕ್ಟೋಬರಿನಲ್ಲಿ ಎಡ ಟ್ಯಾಕ್ಲ್ ಸ್ಥಾನದ ಹಿರಿಯ ಜೇಸನ್ ಪೀಟರ್ಸ್ ಗಾಯಗೊಂಡನು. ಡಿಸೆಂಬರ್ 10ರಂದು ಕ್ವಾರ್ಟರ್‌ಬ್ಯಾಕ್ ಕಾರ್ಸನ್ ವೆಂಟ್ಸ್‌ನ ಮೊಣಕಾಲೇ ಹೋಯಿತು. ಇಷ್ಟಾದರೂ 2018ರ ಫೆಬ್ರವರಿಯಲ್ಲಿ ಆ ತಂಡ ನ್ಯೂ ಇಂಗ್ಲೆಂಡ್ ತಂಡವನ್ನು 41–33ರಿಂದ ಮಣಿಸಿ ತನ್ನ ಪ್ರಪ್ರಥಮ ಸೂಪರ್ ಬೌಲ್ ಪ್ರಶಸ್ತಿಯನ್ನು ಗೆದ್ದಿತು. ವೆಂಟ್ಸ್‌ನ ಸ್ಥಾನಕ್ಕೆ ಬಂದ ನಿಕ್ ಫೋಲ್ಸ್ ಆ ವರ್ಷದ ಮಾರ್ಚಿಯಲ್ಲಿ ಎರಡು ವರ್ಷಗಳಿಗೆ 1 ಕೋಟಿ 10 ಲಕ್ಷಕ್ಕೆ ಮುಕ್ತ ಮಾರುಕಟ್ಟೆಯಲ್ಲಿ ದೊರೆತವನು. ಪೀಟರ್ಸ್‌ನ ಸ್ಥಾನವನ್ನು ತುಂಬಿದ ವೈಟಾಯ್ 2016ರ ಡ್ರಾಫ್ಟಿನ ಐದನೆಯ ಸುತ್ತಿನವನು. ಅಂತಿಮ ಪಂದ್ಯದಲ್ಲಿ ನಾಲ್ಕು ಬಾರಿ ಚೆಂಡು ಹಿಡಿದು ನೂರು ಗಜ ಮುನ್ನಡೆದ ಕೋರಿ ಕ್ಲೆಮೆಂಟನನ್ನು ಡ್ರಾಫ್ಟಿನ ಏಳು ಸುತ್ತುಗಳಲ್ಲಿ ಯಾರೂ ಹೆಸರಿಸಿಯೇ ಇರಲಿಲ್ಲ. ಇದನ್ನು ಅದೃಷ್ಟವೆನ್ನುವವರುಂಟು. ಫೋಲ್ಸ್ ಅಷ್ಟು ಚೆನ್ನಾಗಿ ಆಡಿದುದರಲ್ಲಿ ಅದೃಷ್ಟದ ಪಾಲಿರಬಹುದು. ಆದರೆ ಅಂಥ ಎರಡನೆಯವನೊಬ್ಬನಿಗೆ ಹಣ ಉಳಿಸಿಟ್ಟುಕೊಂಡದ್ದು ಅದೃಷ್ಟವಲ್ಲ.

ಹಣ ಉಳಿಯುವುದೆಲ್ಲಿಂದ? 2011ರ ಸಾಮೂಹಿಕ ಒಪ್ಪಂದದಲ್ಲಿ ಇದಕ್ಕೆ ಉತ್ತರವಿದೆ. 2010ರಲ್ಲಿ ಡ್ರಾಫ್ಟಿನ ಪ್ರಥಮ ಆಯ್ಕೆಯಾದ ಸ್ಯಾಮ್ ಬ್ರಾಡ್‌ಫರ್ಡ್‌ನಿಗೆ ಖಾತರಿಯಾಗಿ ದೊರೆತ ಹಣ 5 ಕೋಟಿ ಡಾಲರು. ಒಂದೇ ವರ್ಷದ ತರುವಾಯ ಅದೇ ಸ್ಥಾನದಲ್ಲಿ ಬಂದ ಕ್ಯಾಮ್ ನ್ಯೂಟನ್‌ನಿಗೆ ನಾಲ್ಕು ವರ್ಷಗಳಿಗೆ ಒಟ್ಟು 2 ಕೋಟಿ 20 ಲಕ್ಷ. ನವಾಗತರ ವೇತನವನ್ನು ಆಯ್ಕೆಯ ಸಂಖ್ಯೆಗನುಸಾರವಾಗಿ ನಾಲ್ಕು ವರ್ಷಗಳ ಮಟ್ಟಿಗೆ ನಿಗದಿಮಾಡಿದುದೇ ಈ ಇಳಿತಕ್ಕೆ ಕಾರಣ. ಇದಕ್ಕೆ ಒಪ್ಪಿಗೆಯಿತ್ತವರು ಆಗಲೇ ಸಂಘದಲ್ಲಿದ್ದ ಆಟಗಾರರು. ಯಾರ ವೇತನ ಇಳಿಯಿತೋ ಅವರು ಇನ್ನೂ ಕಾಲೇಜಿನಲ್ಲಿಯೋ ಶಾಲೆಯಲ್ಲಿಯೋ ಇದ್ದರು. ಸಂಘ ಒಪ್ಪಿದ್ದರಿಂದ, ಮೇಲೆ ಹೇಳಿದಂತೆ, ಕಾನೂನಿನ ಆಕ್ಷೇಪಣೆಗೂ ಎಡೆಯಿಲ್ಲ. ಉಳಿದ ಹಣವೆಲ್ಲ ಅನುಭವಿಗಳಿಗೆ ಸಂದಿತೆಂದೂ ಹೇಳುವಂತಿಲ್ಲ. ಅಗ್ಗದ ತರುಣ ಸಿಕ್ಕುವಾಗ ನಡುವಯಸ್ಸಿನ ಸಾಧಾರಣ ಆಟಗಾರನನ್ನು ಇಟ್ಟುಕೊಳ್ಳಲು ತಂಡಗಳಿಗೆ ಉತ್ಸಾಹ ಕಡಿಮೆ. ಈ ಅನಾಹುತವನ್ನು ತಗ್ಗಿಸಲೆಂದೇ ಒಂದು ನಿಯಮವುಂಟು. 2024ರಲ್ಲಿ ಏಳು ವರ್ಷ ಮೀರಿದವನ ಕನಿಷ್ಠ ವೇತನ 12 ಲಕ್ಷ 10 ಸಾವಿರ ಡಾಲರಾಗಿದ್ದರೂ, ಒಂದು ವರ್ಷದ ಅರ್ಹ ಕರಾರಾದರೆ ವೇತನಮಿತಿಯ ಲೆಕ್ಕಕ್ಕೆ 9 ಲಕ್ಷ 85 ಸಾವಿರವನ್ನು ಮಾತ್ರ ಹಿಡಿಯುತ್ತಿದ್ದರು. ನವಾಗತನ ಕನಿಷ್ಠ ವೇತನ ಆಗ 7 ಲಕ್ಷ 95 ಸಾವಿರ. ಅಂತರ ಕಿರಿದಾಯಿತು, ಅಳಿಯಲಿಲ್ಲ.

ಹಾಗಾದರೆ ಡ್ರಾಫ್ಟಿನಲ್ಲಿ ಜಾಣತನವೆಂದರೆ ಯಾವುದು? 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಪಡೆದ ರಿಚರ್ಡ್ ಥೇಲರ್ ಮತ್ತು ಅವರ ಸಹೋದ್ಯೋಗಿ ಕೇಡ್ ಮ್ಯಾಸಿ ಇದನ್ನು ಕುರಿತು 2013ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಒಂದೇ ಸ್ಥಾನದಲ್ಲಿ ಆಡುವ ಇಬ್ಬರ ಪೈಕಿ ಮೊದಲು ಆಯ್ಕೆಯಾದವನು ಅವನ ಹಿಂದೆಯೇ ಆಯ್ಕೆಯಾದವನಿಗಿಂತ ಮೇಲೆನಿಸಿಕೊಳ್ಳುವ ಸಂಭವ ನೂರಕ್ಕೆ 52 ಮಾತ್ರವೆಂದು ಅವರು ಕಂಡುಕೊಂಡರು. ನಾಣ್ಯ ಚಿಮ್ಮುವುದಕ್ಕೂ ಇದಕ್ಕೂ ದೊಡ್ಡ ಅಂತರವಿಲ್ಲ. ಹೀಗಿದ್ದರೂ ಮೇಲಿನ ಆಯ್ಕೆಗಾಗಿ ತಂಡಗಳು ಕೆಳಗಿನ ಹಲವನ್ನು ಧಾರಾಳವಾಗಿ ಬಿಟ್ಟುಕೊಡುತ್ತಿದ್ದವು. ಅವರು ಪರಿಶೀಲಿಸಿದ್ದು 2011ಕ್ಕೆ ಹಿಂದಿನ ವೇತನಗಳನ್ನಾದ್ದರಿಂದ ಮೊದಲ ಕೆಲವು ಆಯ್ಕೆಗಳು ಈಗ ಅಷ್ಟು ದುಬಾರಿಯಲ್ಲ. ಆದರೆ ಮನುಷ್ಯನ ಮುನ್ನೋಟದ ದೌರ್ಬಲ್ಯ ವೇತನ ಬದಲಾದ ಮಾತ್ರಕ್ಕೆ ಬದಲಾಗುವಂಥದಲ್ಲ. ಯಾರು ಚೆನ್ನಾಗಿ ಆಡುವನೆಂದು ನಿಶ್ಚಯವಾಗಿ ಹೇಳಲಾರದವರು ಹೆಚ್ಚು ಮಂದಿಯನ್ನು ಪರೀಕ್ಷಿಸುವುದೇ ಯುಕ್ತ. ಮೀಸಲು ಬಲಕ್ಕಂತೂ ಈ ಮಾರ್ಗ ಎರಡು ಪಟ್ಟು ಒಪ್ಪುತ್ತದೆ.

ಈಗಲ್ಸ್ ತಂಡದ ವ್ಯವಸ್ಥಾಪಕ ಹೋವಿ ರೋಸ್‌ಮನ್ 2020ರಲ್ಲಿ ಎರಡನೆಯ ಸುತ್ತಿನ ಆಯ್ಕೆಯನ್ನು ಜೇಲನ್ ಹರ್ಟ್ಸ್ ಎಂಬ ಕ್ವಾರ್ಟರ್‌ಬ್ಯಾಕ್ ಮೇಲೆ ವ್ಯಯಿಸಿದಾಗ ಟೀಕೆಗೆ ಗುರಿಯಾದರು. ವೆಂಟ್ಸ್‌ನ ಕರಾರನ್ನು ಹಿಂದಿನ ವರ್ಷವಷ್ಟೇ 12 ಕೋಟಿ 80 ಲಕ್ಷಕ್ಕೆ ವಿಸ್ತರಿಸಲಾಗಿತ್ತು. ಕುಳಿತಿರಲೆಂದು ಅಷ್ಟು ಬೆಲೆಬಾಳುವ ಆಯ್ಕೆಯೇ ಎಂಬುದು ಆಕ್ಷೇಪಣೆ. ವರ್ಷ ಮುಗಿಯುವುದರೊಳಗೆ ವೆಂಟ್ಸ್ ಸ್ಥಾನ ಕಳೆದುಕೊಂಡನು. ನಾಲ್ಕು ವರ್ಷಕ್ಕೆ ಸುಮಾರು 60 ಲಕ್ಷ ಡಾಲರಿನ ಕರಾರಿನಲ್ಲಿದ್ದ ಹರ್ಟ್ಸ್ 2022ರ ಋತುವಿನಲ್ಲಿ ತಂಡವನ್ನು ಸೂಪರ್ ಬೌಲಿಗೆ ಒಯ್ದನು. 2023ರಲ್ಲಿ ಅವನಿಗೆ ಐದು ವರ್ಷಗಳಿಗೆ 25 ಕೋಟಿ 50 ಲಕ್ಷ ಸಂದಾಗ ಆ ಅಗ್ಗದ ಕಾಲ ಮುಗಿಯಿತು. ತಂಡದ ಇನ್ನೊಂದು ತುದಿಯಲ್ಲಿ ಹೊಸದಾಗಿ ಅಗ್ಗದವರು ಬೇಕಾದರು.

2024ರಲ್ಲಿ ಅದು ಎರಡು ದ್ವಾರಗಳಿಂದಲೂ ನಡೆಯಿತು. ಡ್ರಾಫ್ಟಿನಿಂದ ಕ್ವಿನ್ಯಾನ್ ಮಿಚೆಲ್ ಮತ್ತು ಕೂಪರ್ ಡಿಜೀನ್ ರಕ್ಷಣೆಗೆ ಬಂದರು. ಮಾರುಕಟ್ಟೆಯಿಂದ ಸೇಕ್ವಾನ್ ಬಾರ್ಕ್ಲಿ ಮೂರು ವರ್ಷಗಳಿಗೆ 3 ಕೋಟಿ 77 ಲಕ್ಷ 50 ಸಾವಿರಕ್ಕೆ ದೊರೆತನು. ಓಟಗಾರರ ಬೆಲೆ ಬಹಳ ಇಳಿದಿದ್ದ ಕಾಲವಾದ್ದರಿಂದ ಅವನ ಮಟ್ಟಕ್ಕೆ ಇದು ಸೋವಿ. ನಮ್ಮ ವಿಷಯಕ್ಕೆ ಅವನಿಗಿಂತಲೂ ಝ್ಯಾಕ್ ಬಾನ್ ಹೆಚ್ಚು ಉಪಯುಕ್ತ. ನ್ಯೂ ಆರ್ಲಿಯನ್ಸ್ ತಂಡದಲ್ಲಿ ಅವನು ಹೆಚ್ಚಾಗಿ ಒದೆತದ ಸಂದರ್ಭಗಳಲ್ಲಿ ಆಡುತ್ತಿದ್ದವನು. ಈಗಲ್ಸ್ ಅವನನ್ನು ಒಂದು ವರ್ಷಕ್ಕೆ 35 ಲಕ್ಷಕ್ಕೆ ತಂದು ಬೇರೆ ಸ್ಥಾನದಲ್ಲಿ ನಿಲ್ಲಿಸಿದರು. ಆ ವರ್ಷ ಅವನು ಲೀಗಿನ ಶ್ರೇಷ್ಠರ ಪಟ್ಟಿಯಲ್ಲಿ ಸೇರಿದನು. ಮುಂದಿನ ಮಾರ್ಚಿಯಲ್ಲಿ ಅವನನ್ನು ಉಳಿಸಿಕೊಳ್ಳಲು ಮೂರು ವರ್ಷಗಳಿಗೆ 5 ಕೋಟಿ 10 ಲಕ್ಷ ಬೇಕಾಯಿತು.

2025ರ ಫೆಬ್ರವರಿಯಲ್ಲಿ ಕ್ಯಾನ್ಸಸ್ ಸಿಟಿ ತಂಡವನ್ನು 40–22ರಿಂದ ಸೋಲಿಸಿದ ಮೇಲೆ ತಂಡ ಮಾಡಿದ್ದನ್ನು ನೋಡಬೇಕು. ಆ ಪಂದ್ಯದಲ್ಲಿ ಮಿಂಚಿದ ಮಿಲ್ಟನ್ ವಿಲಿಯಮ್ಸ್ ನಾಲ್ಕು ವರ್ಷಗಳಿಗೆ 10 ಕೋಟಿ 40 ಲಕ್ಷಕ್ಕೆ ನ್ಯೂ ಇಂಗ್ಲೆಂಡಿಗೂ, ಜಾಷ್ ಸ್ವೆಟ್ ಅರಿಜೋನಕ್ಕೂ ಹೊರಟಾಗ ಅವರನ್ನು ಹೋಗಗೊಟ್ಟಿತು. ಇವರಲ್ಲಿ ಒಬ್ಬನು ಡ್ರಾಫ್ಟಿನ ಮೂರನೆಯ ಸುತ್ತಿನಲ್ಲಿ, ಇನ್ನೊಬ್ಬನು ನಾಲ್ಕನೆಯದರಲ್ಲಿ ದೊರೆತವನು. ಹೋದವರ ಹಿಂದೆ ಅಗ್ಗದ ಕರಾರಿನ ಮೋರೊ ಒಜೋಮೊ, ಜೇಲಿಕ್ಸ್ ಹಂಟ್ ಮೊದಲಾದ ತರುಣರು ಆಗಲೇ ಸಿದ್ಧರಾಗಿದ್ದರು. ಇದಲ್ಲದೆ, ಮಾರುಕಟ್ಟೆಯಲ್ಲಿ ತಾನು ಪಡೆದುದಕ್ಕಿಂತ ಹೆಚ್ಚು ಕಳೆದುಕೊಂಡ ತಂಡಕ್ಕೆ ಮರುವರ್ಷದ ಡ್ರಾಫ್ಟಿನ ಮೂರರಿಂದ ಏಳನೆಯ ಸುತ್ತುಗಳ ಕೊನೆಯಲ್ಲಿ ಪರಿಹಾರದ ಆಯ್ಕೆಗಳನ್ನು ಕೊಡುವ ಕ್ರಮವುಂಟು. ಕರಾರು ಮುಗಿದು ಹೋದವರನ್ನು ಮಾತ್ರ ಈ ಲೆಕ್ಕಕ್ಕೆ ಹಿಡಿಯುತ್ತಾರೆ. ತಂಡವೇ ಬಿಟ್ಟುಕಳುಹಿಸಿದವರನ್ನು ಹಿಡಿಯುವುದಿಲ್ಲ. ಹೀಗಾಗಿ ಲೆಕ್ಕಾಚಾರದ ತಂಡಗಳು ಇತರರು ಬಿಟ್ಟುಬಿಟ್ಟ ಅನುಭವಿಗಳನ್ನು ಹುಡುಕಿ ತರುವುದುಂಟು. 2000ದ ಡ್ರಾಫ್ಟಿನಲ್ಲಿ ನ್ಯೂ ಇಂಗ್ಲೆಂಡ್ ತಂಡಕ್ಕೆ ಟಾಮ್ ಬ್ರೇಡಿ ದೊರೆತ 199ನೆಯ ಆಯ್ಕೆಯೂ ಇಂಥ ಪರಿಹಾರದ ಆಯ್ಕೆಯೇ.

ಈ ಏರ್ಪಾಟಿನ ತಳದಲ್ಲಿರುವವರನ್ನು ಕುರಿತು ಒಂದು ಮಾತು. 53ರ ಹೊರಗೆ ಪ್ರತಿ ತಂಡವೂ ಅಭ್ಯಾಸಕ್ಕೆಂದು ಸಾಮಾನ್ಯವಾಗಿ 16 ಮಂದಿಯನ್ನು ಇಟ್ಟುಕೊಳ್ಳಬಹುದು. 2024ರಲ್ಲಿ ಇವರಲ್ಲಿ ಕಿರಿಯರಿಗೆ ವಾರಕ್ಕೆ 12,500 ಡಾಲರು ದೊರೆಯುತ್ತಿತ್ತು. ಪಂದ್ಯದ ದಿನ ಇಬ್ಬರನ್ನು ಮೇಲಕ್ಕೆ ತರಬಹುದು. ಒಬ್ಬನನ್ನೇ ಋತುವಿನಲ್ಲಿ ಮೂರು ಬಾರಿಗಿಂತ ಹೆಚ್ಚು ಹೀಗೆ ತರುವಂತಿಲ್ಲ. ಪ್ರಥಮ ಸುತ್ತಿನಲ್ಲಿ ಆಯ್ಕೆಯಾದ ಪ್ರತಿಭಾವಂತನನ್ನು ತಂಡ ತನ್ನ ಇಷ್ಟದಂತೆ ಐದನೆಯ ವರ್ಷದವರೆಗೂ ಹಿಡಿದಿಡಬಹುದು; ಆ ಮೇಲೂ ಫ್ರಾಂಚೈಸ್ ಟ್ಯಾಗ್ ಎಂಬ ನಿಯಮದಿಂದ ಇನ್ನೊಂದು ವರ್ಷ ತಡೆಯಬಹುದು. ಅಭ್ಯಾಸದ ಪಟ್ಟಿಯಲ್ಲಿರುವವನನ್ನಾದರೋ, ತನ್ನ 53ರಲ್ಲಿ ಸ್ಥಾನ ಕೊಡಲೊಪ್ಪುವ ಬೇರೆ ತಂಡ ಸಾಮಾನ್ಯವಾಗಿ ಕರೆದೊಯ್ಯಬಹುದು.